ಅತ್ತೆಗೆ ಪ್ರೊಪೆಲ್ಲರ್ ಪಾಠ

ಪ್ರೊಪೆಲ್ಲರ್ ವಿಮಾನದ ಸುತ್ತ ಹೇಗೆ ನಡೆಯಬೇಕು ಎಂಬ ವಿಷಯದಲ್ಲಿ ಇಡೀ ಹೇರೋಹಳ್ಳಿಗೆ ನಾನೊಬ್ಬನೇ ಪಂಡಿತ. ಹೇರೋಹಳ್ಳಿಯಲ್ಲಿ ಬೇರೆ ಯಾರಿಗೂ ಆ ವಿಷಯ ಬೇಕಾಗಿಲ್ಲ ಎನ್ನುವುದು ಬೇರೆ ಮಾತು! ವಿಮಾನ ನಿಲ್ದಾಣದಲ್ಲಿ ಹಳದಿ ಜಾಕೆಟ್ ತೊಟ್ಟು, ಪ್ರಯಾಣಿಕರು ಪ್ರೊಪೆಲ್ಲರ್ ಹತ್ತಿರ ಸುಳಿಯದಂತೆ ಕಾಯುವುದು ನನ್ನ ಕೆಲಸ.

ನಮ್ಮ ಅತ್ತೆ ಗಂಗಮ್ಮನವರು ಮೊದಲ ಸಲ ವಿಮಾನ ಹತ್ತಿ ಹುಬ್ಬಳ್ಳಿಗೆ ಹೊರಟರು. ಅದೂ ಪ್ರೊಪೆಲ್ಲರ್ ವಿಮಾನ, ಅದೂ ನನ್ನ ಡ್ಯೂಟಿಯ ಹೊತ್ತಿನಲ್ಲೇ. ತರಬೇತಿ ಕೊಡದೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಹಿಂದಿನ ಸಂಜೆ ಟೇಬಲ್ ಫ್ಯಾನನ್ನು ನಡುಮನೆಯಲ್ಲಿ ಪ್ರತಿಷ್ಠಾಪಿಸಿದೆ.

"ನೋಡಿ ಅತ್ತೆ, ಜೋರಾಗಿ ತಿರುಗ್ವಾಗ ರೆಕ್ಕೆ ಕಣ್ಣಿಗೇ ಕಾಣಲ್ಲ. ಖಾಲಿ ಜಾಗ ಅಂತ ಹೋದ್ರೆ ಮುಗೀತು! ನಿಂತಿದ್ರೂ ನಂಬಬಾರದು. ತಿರುಗ್ತಾ ಇದೆ ಅಂತಲೇ ತಿಳ್ಕೋಬೇಕು."

"ಅಮ್ಮ ಊರಿಗೆ ಹೋಗ್ತಿರೋದು ರೀ, ಯುದ್ಧಕ್ಕಲ್ಲ," ಎಂದಳು ಹೆಂಡತಿ ಸುಮಾ. "ಹೆದರಿಸ್ಬೇಡಿ."

"ಹೆದರಿಸ್ತಿಲ್ಲ ಕಣೇ, ಎಚ್ಚರಿಸ್ತಿದೀನಿ!"

ಅತ್ತೆ ಮಾತ್ರ ಶ್ರದ್ಧೆಯಿಂದ ಕೇಳಿದರು. "ತಿಳೀತ್ರಿ. ನಿಂತಿದ್ರೂ ತಿರಗಾಕತ್ತೈತಿ ಅಂತ ತಿಳಕೋಬೇಕು." ನನ್ನ ಮಾತನ್ನು ಅಷ್ಟು ಗೌರವದಿಂದ ಕೇಳುವವರು ಆ ಮನೆಯಲ್ಲಿ ಅವರೊಬ್ಬರೇ. ನಾನು ಉಬ್ಬಿಹೋದೆ. ಊಟಕ್ಕೇಳುವಾಗ ತಿರುಗದೆ ನಿಂತಿದ್ದ ಫ್ಯಾನನ್ನೂ ಅವರು ದೂರದಿಂದ ಸುತ್ತಿಕೊಂಡು ಹೋದರು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮರುದಿನ ಪ್ರಯಾಣಿಕರು ಸಾಲಾಗಿ ವಿಮಾನದ ಹಿಂಬಾಗಿಲ ಕಡೆ ನಡೆದುಬಂದರು. ಎಲ್ಲರಿಗಿಂತ ಮುಂದೆ ಅತ್ತೆ. ಎಂಜಿನ್ ಆರಿತ್ತು. ವಿಮಾನದ ರೆಕ್ಕೆಗೆ ಅಂಟಿದ ಪ್ರೊಪೆಲ್ಲರ್ ಅಲುಗದಂತೆ ಪಟ್ಟಿಯನ್ನೂ ಕಟ್ಟಿದ್ದರು. ಆದರೂ ಅರ್ಧ ದಾರಿಯಲ್ಲಿ ಅತ್ತೆ ಗಕ್ಕನೆ ನಿಂತು, ಎರಡೂ ಕೈ ಅಗಲಿಸಿ ಹಿಂದಿನವರನ್ನೆಲ್ಲ ತಡೆದರು.

"ಯಾರೂ ಮುಂದ ಹೋಗಬ್ಯಾಡ್ರಿ! ತಿರಗಾಕತ್ತೈತಿ!"

"ನಿಂತೇ ಇದೆಯಲ್ಲ ಆಂಟಿ?" ಎಂದ ಹಿಂದಿದ್ದ ಯುವಕ.

"ಹಂಗ ಕಾಣಸ್ತೈತಿ, ಅಷ್ಟ! ನಮ್ಮ ಅಳಿಯಂದಿರು ಇಲ್ಲೇ ಕೆಲಸ ಮಾಡ್ತಾರ. ಅವರ ಹೇಳ್ಯಾರ."

ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಹಿಂದೆ ಸರಿದರು. ಅವರನ್ನು ನೋಡಿ ಮಿಕ್ಕವರೂ ಸರಿದರು. ನನ್ನ ವಾಕಿಟಾಕಿಯಲ್ಲಿ, ಸಾಲಿನ ಬಳಿ ನಿಂತಿದ್ದ ಮೇಲ್ವಿಚಾರಕ ಶೇಖರ್ ಸಾರ್ ಧ್ವನಿ ಮೊಳಗಿತು. "ಯಾರ್ರೀ ಆ ಅಳಿಯ?"

ನಾನು ವಿಮಾನದ ಮೂತಿಯ ಹತ್ತಿರವಿದ್ದೆ. ಅತ್ತೆಯ ಬಳಿಗೆ ಹೋಗಲು ವಿಮಾನದ ರೆಕ್ಕೆಯ ತುದಿಯನ್ನು ಸುತ್ತಿಬಳಸಿ ನಡೆಯಬೇಕು. ನಿಯಮ ಅದು. ಆದರೆ ಮಾನ ಹೋಗುತ್ತಿರುವಾಗ ಬಳಸುದಾರಿ ಯಾರಿಗೆ ಬೇಕು? ವಿಮಾನದ ಹೊಟ್ಟೆಗೂ ಪ್ರೊಪೆಲ್ಲರಿಗೂ ನಡುವೆ ನುಗ್ಗಿದೆ!

"ಅಯ್ಯೋ ಅಳಿಯಂದಿರ! ನಿಂದರ್ರೀ!"

ಅತ್ತೆಯ ಆ ಚೀರಾಟಕ್ಕೆ ಬೆಚ್ಚಿ ತಿರುಗಿದೆ. ಹಣೆ ನೇರವಾಗಿ ಪ್ರೊಪೆಲ್ಲರಿಗೆ ಬಡಿಯಿತು. ಠಣ್! ನಿಂತ ಪ್ರೊಪೆಲ್ಲರನ್ನೂ ನಂಬಬಾರದು ಎಂಬ ನನ್ನ ಪಾಠ ಸಾರ್ವಜನಿಕವಾಗಿ ಸಾಬೀತಾಯಿತು.

ಅತ್ತೆ ಅಳತೊಡಗಿದರು. ಆದರೆ ಅಳುವಾಗಲೂ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಅಂಥ ಶಿಷ್ಯೆ! ಶೇಖರ್ ಸಾರ್ ತಾವೇ ಅವರ ಕೈಹಿಡಿದು ಮೆಟ್ಟಿಲವರೆಗೆ ಬಿಟ್ಟುಬಂದು, ನನ್ನ ಕಡೆ ತಿರುಗಿದರು.

"ನಿಮ್ಮ ಅತ್ತೆ ಪಾಸು. ನೀವು ನಾಳೆಯಿಂದ ಹೊಸಬರ ಜೊತೆ ಕ್ಲಾಸಿಗೆ ಬನ್ನಿ."

ಸಂಜೆ ಹುಬ್ಬಳ್ಳಿಯಿಂದ ಅತ್ತೆಯ ಫೋನು. "ಹಣಿಗೆ ಅರಿಷಿಣ ಹಚ್ಚಿದ್ರೇನ್ರಿ? ಮಂದಿ ಮುಂದ ಒದರಿದೆ ಅಂತ ತಪ್ಪು ತಿಳಕೋಬ್ಯಾಡ್ರಿ. ನನಗ ಇರೂದು ನೀವೊಬ್ಬರ ಅಳಿಯ."

ಪಕ್ಕದಲ್ಲೇ ಕೂತು ನನ್ನ ಹಣೆಗೆ ಐಸ್ ಒತ್ತುತ್ತಿದ್ದ ಸುಮಾ, "ಒಬ್ಬರೇ ಸಾಕಮ್ಮ," ಎಂದಳು.

ಮರುದಿನ ಕ್ಲಾಸಿನಲ್ಲಿ ಶೇಖರ್ ಸಾರ್ ಹೆಸರು ಹೇಳದೆ ನಡೆದದ್ದನ್ನೆಲ್ಲ ವರ್ಣಿಸಿದರು. ಹೊಸಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರು ಸಾರ್ ಆ ಪುಣ್ಯಾತ್ಮ?" ಎಂದು ಒಬ್ಬ ಕೇಳಿದ.

ನಾನು ಹಣೆಯ ಬುಗುಟೆಯ ಮೇಲೆ ಟೋಪಿ ಎಳೆದುಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕೆ.