ನಲವತ್ತೊಂದು ಪುಟ ಪೂಜಾರಿಗಳು

ಪುಟ ಅಂದರೆ ಎರಡರ ನಂತರ ಮೂರು, ಮೂರರ ನಂತರ ನಾಲ್ಕು ಎಂದು ನಂಬಿಕೊಂಡೇ ನಾನು ಐವತ್ತೆಂಟು ವರ್ಷ ಕಳೆದಿದ್ದೇನೆ. ಅಕ್ಕಲಕೋಟದಲ್ಲಿ ನಾನು ಕನ್ನಡ ಸಾಲೆ ಕಲಿಯುವಾಗ ನನ್ನ ಪಾಲಿಗೆ ಬರುತ್ತಿದ್ದ ಪುಸ್ತಕಗಳಿಗೆ ರಟ್ಟು ಇರುತ್ತಿರಲಿಲ್ಲ, ಮೊದಲ ಎಂಟು ಪುಟ ಇರುತ್ತಿರಲಿಲ್ಲ, ಹಿಂದಿನ ವರ್ಷ ಓದಿದವನು ಚಿತ್ರದ ರಾಜರಿಗೆಲ್ಲ ಕನ್ನಡಕ ಬರೆದಿರುತ್ತಿದ್ದ. ಆದರೂ ಒಂಬತ್ತನೆಯ ಪುಟ ತೆಗೆದರೆ ಒಂಬತ್ತನೆಯ ಪುಟದಲ್ಲಿ ಇರಬೇಕಾದದ್ದೇ ಇರುತ್ತಿತ್ತು. ನಿನ್ನೆ ಓದಿದ ಪಾಠ ರಾತ್ರೋರಾತ್ರಿ ಎದ್ದು ಹೋಗಿ ಇಪ್ಪತ್ತನೆಯ ಪುಟದಲ್ಲಿ ಕೂತದ್ದನ್ನು ನಾನು ಕಂಡವನಲ್ಲ. ಕಂಡದ್ದು ಹೋದ ವರ್ಷ, ಸುಗಲವ್ವನ ಹೆಸರು ಹುಡುಕಲು ಕೂತಾಗ.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನನ್ನದೊಂದು ಚಾದರ, ಕಂಬಳಿಗಳ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಸುಗಲವ್ವ ಚಪಳಗಾಂವದ ಕುರಿಗಾರರ ಮನೆಯವಳು. ಅವಳ ಮಾವನ ಕಾಲದಿಂದಲೂ ಆ ಮನೆಯ ಕಂಬಳಿ ನಮ್ಮ ಅಂಗಡಿಗೆ ಬರುತ್ತವೆ. ನನಗೆ ಅಣ್ಣಾರ ಅನ್ನುತ್ತಾಳೆ, ನನ್ನ ಹೆಂಡತಿ ಶಾಂತಾಗೆ ವೈನಿ ಅನ್ನುತ್ತಾಳೆ. ಅವತ್ತು ಮುಂಜಾನೆಯ ಎಸ್.ಟಿ. ಬಸ್ಸಿಗೆ ಬಂದವಳು ಕಂಬಳಿ ತಂದಿರಲಿಲ್ಲ. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಕುರಿಗಾರರ ಸಂಘದ ಚುನಾವಣೆಗೆ ನಿಲ್ಲುತ್ತೇನೆ ಅಂದಳು.

ಸಂಗತಿ ಇಷ್ಟು. ಆ ಹಿಂದಿನ ಮಳೆಗಾಲದಲ್ಲಿ ಮರಿಗಳಿಗೆ ಬೇನೆ ಬಂದಾಗ ಸಂಘದ ಸೂಜಿ ಹಾಕುವ ಗಾಡಿ ಚಪಳಗಾಂವದ ತನಕ ಬರಲೇ ಇಲ್ಲ. ಸುಗಲವ್ವನ ಒಂಬತ್ತು ಮರಿ ಸತ್ತವು. ಕೇಳಲು ಹೋದರೆ ಸಂಘದವರು ನಿಮ್ಮೂರಿನಿಂದ ಯಾರೂ ಕಮಿಟಿಯಲ್ಲಿ ಇಲ್ಲವಲ್ಲ ಅಂದರಂತೆ. ಹಾಗಾದರೆ ನಾನೇ ಬರುತ್ತೇನೆ ಎಂದು ಇವಳು ಹೊರಟಿದ್ದಳು. ಹೆಣ್ಣುಮಕ್ಕಳಿಗೆ ಒಂದು ಜಾಗ ಇತ್ತು. ಅರ್ಜಿಗೆ ಸದಸ್ಯತ್ವದ ನಂಬರು ಬೇಕು. ಅಕ್ಕಲಕೋಟದಲ್ಲಿರುವ ಸಂಘದ ಕಾರಕೂನನು ಸದಸ್ಯರ ಯಾದಿ ಎಲ್ಲ ಈಗ ಆನ್‌ಲೈನ್ ಆಗಿದೆ, ಅಲ್ಲಿ ನೋಡಿಕೊಂಡು ಬಾ ಎಂದು ಕಳಿಸಿದ್ದ. ಅರ್ಜಿ ಕೊಡಲು ಮರುದಿನವೇ ಕಡೆ.

ನಾನು ಒಮ್ಮೆ ತಿರುಪತಿಗೆ ರೈಲಿನ ಟಿಕೆಟನ್ನು ಯಾರ ಸಹಾಯವೂ ಇಲ್ಲದೆ ತೆಗೆದಿದ್ದೆ. ಹೋಗುವ ತಾರೀಖಿನ ಬದಲು ಬರುವ ತಾರೀಖಿಗೆ ತೆಗೆದಿದ್ದೆ ಅನ್ನುವುದು ಮನೆಯೊಳಗಿನ ಮಾತು. ಚಪಳಗಾಂವದ ತನಕ ಹೋದ ಸುದ್ದಿ ಮಾತ್ರ ನನಗೆ ಕಂಪ್ಯೂಟರ್ ಬರುತ್ತದೆ ಅಂತ. ಹೀಗಾಗಿ ಕನ್ನಡಕ ಏರಿಸಿ ಕೂತೆ. ಹೆಸರಿನ ಜಾಗದಲ್ಲಿ ಮರಾಠಿಯಲ್ಲಿ ಸುಗಲವ್ವ ಎಂದು ಹೊಡೆದೆ. ಇಲ್ಲ ಅಂದಿತು. ಸುಗಲಾಬಾಯಿ ಅಂದೆ. ಇಲ್ಲ. ಸುಗಲಮ್ಮ? ಅದೂ ಇಲ್ಲ. ಕಡೆಗೆ ಅಡ್ಡಹೆಸರು ಪೂಜಾರಿ ಅಂತಷ್ಟೇ ಹಾಕಿದೆ. ಕುರಿಗಾರರ ದೇವರು ಬೀರೋಬನ ಪೂಜೆಯ ಸರದಿ ಯಾವ ಕಾಲಕ್ಕೋ ಮಾಡಿದ ಮನೆತನಗಳೆಲ್ಲ ಆ ಕಡೆ ಪೂಜಾರಿಗಳೇ. ಪುಟಕ್ಕೆ ಹತ್ತು ಹೆಸರಿನಂತೆ ನಲವತ್ತೊಂದು ಪುಟ ಪೂಜಾರಿಗಳು ಬಂದು ನಿಂತರು.

ಇರಲಿ, ಓದಿದರಾಯಿತು ಅಂದುಕೊಂಡೆ. ನಾನು ಓದುವುದು, ಶಾಂತಾ ಹಾಳೆಯಲ್ಲಿ ಗುರುತು ಹಾಕುವುದು, ಸುಗಲವ್ವ ಕೇಳುವುದು. ಮೊದಲ ಐದು ಪುಟ ಸುಖವಾಗಿ ಸಾಗಿತು. ನಡುನಡುವೆ ಸುಗಲವ್ವ ಇವ ನಮ್ಮ ಮೈದುನನ ಬೀಗ, ಇವ ತೀರಿಕೊಂಡು ಮೂರು ವರ್ಷ ಆಯಿತು ಎಂದು ಹೇಳುತ್ತಿದ್ದುದರಿಂದ ಬೇಸರವೂ ಆಗಲಿಲ್ಲ. ಹನ್ನೊಂದನೆಯ ಪುಟದಲ್ಲಿ ಮಾಳಪ್ಪ ಸಿದ್ಧಪ್ಪ ಪೂಜಾರಿ ಅಂತ ಓದಿದಾಗ ಶಾಂತಾ ಪೆನ್ನು ಎತ್ತಿದಳು. ಈ ಮಾಳಪ್ಪ ನಾಲ್ಕನೆಯ ಪುಟದಲ್ಲಿ ಬಂದಿದ್ದ ಅಂದಳು. ಒಂದೇ ಹೆಸರಿನವರು ಇಬ್ಬರು ಇರಬಾರದೇ ಎಂದು ನಾನು ಸಮಾಧಾನ ಹೇಳಿದೆ. ಹದಿನಾಲ್ಕರಲ್ಲಿ ಅವನು ಮತ್ತೆ ಬಂದ. ಅದೇ ವಯಸ್ಸು, ಅದೇ ಊರು. ನಾಲ್ಕಕ್ಕೆ ಹಿಂದಿರುಗಿ ನೋಡಿದರೆ ಅಲ್ಲಿ ಮಾಳಪ್ಪನೇ ಇಲ್ಲ, ಆ ಜಾಗದಲ್ಲಿ ನಾವು ಹಿಂದೆಂದೂ ಕಾಣದ ಒಬ್ಬಳು ಲಕ್ಷ್ಮೀಬಾಯಿ ಕೂತಿದ್ದಳು. ಹದಿನಾಲ್ಕಕ್ಕೆ ಬರೋಣವೆಂದು ಬಾಣದ ಗುರುತು ಒತ್ತಿದರೆ ಒಂದನೆಯ ಪುಟಕ್ಕೆ ಒಯ್ದು ಬಿಟ್ಟಿತು.

 ನಾನು ಓದುವುದರೊಳಗೆ ಪಟ್ಟಿ ಬದಲಾಗುತ್ತಿದೆಯೋ, ಪಟ್ಟಿ ಸರಿಯಾಗಿದ್ದು ನಾನೇ ಬದಲಾಗುತ್ತಿದ್ದೇನೋ ತಿಳಿಯಲಿಲ್ಲ. ಮತ್ತೆ ಒಂದರಿಂದ ಓದಿದೆ. ಈ ಸಲ ಮಾಳಪ್ಪ ಎರಡನೆಯ ಪುಟದಲ್ಲೇ ಸಿಕ್ಕ. ಊಟದ ಹೊತ್ತು ದಾಟಿತು. ಮೂರನೆಯ ಸಲ ಶುರುಮಾಡುವಾಗ ಶಾಂತಾ ಮಾತಾಡದೆ ಎದ್ದುಹೋಗಿ ರೊಟ್ಟಿ ತಂದಿಟ್ಟಳು. ಅವಳು ನನ್ನ ಮೇಲೆ ಆಸೆ ಬಿಟ್ಟಾಗ ಮಾತಾಡುವುದಿಲ್ಲ. ಸಂಜೆಯ ಎಸ್.ಟಿ. ನಾಲ್ಕೂವರೆಗೆ ಇತ್ತು. ಸುಗಲವ್ವ ಮಾತ್ರ ಕುರ್ಚಿಯಿಂದ ಅಲುಗಾಡದೆ ಆ ಪರದೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: “ಅಣ್ಣಾರ, ಇವು ಮೇಯೂ ಕುರಿ ಇದ್ದಂಗ ತಿರಗ್ಯಾಡಾಕತ್ತಾವ. ಬಯಲಾಗ ನಿಂತು ಎಣಿಸಿದ್ರ ನಮಗೂ ಲೆಕ್ಕ ಸಿಗೂದಿಲ್ರಿ. ನಾವು ಹಟ್ಟಿ ಬಾಗಲಾ ಸಣ್ಣದು ಮಾಡಿ ಒಂದೊಂದ ಬಿಡ್ತೀವಿ. ಇದಕ್ಕ ಬಾಗಲಾ ಇಲ್ಲೇನು?”

ಬಾಗಿಲು ಎಲ್ಲಿಂದ ತರಲಿ ಎಂದು ನಾನು ಯೋಚಿಸುತ್ತಿರುವಾಗ ಶಾಂತಾ ಬಗ್ಗಿ ನೋಡಿ, ಮೂಲೆಯಲ್ಲಿ ಎಣ್ಣೆ ಸುರಿಯುವ ಲಾಳಿಕೆಯಂಥ ಚಿತ್ರ ಇದೆಯಲ್ಲ, ಅದು ಏನು ಎಂದು ಕೇಳಿದಳು. ಅದನ್ನು ನಾನು ಬೆಳಗಿನಿಂದ ನೋಡಿದ್ದೆ. ಯಾವುದೋ ಎಣ್ಣೆಯ ಜಾಹೀರಾತು ಇರಬೇಕೆಂದು ಮುಟ್ಟಿರಲಿಲ್ಲ. ಮುಟ್ಟಿದರೆ ಊರು, ವಯಸ್ಸು, ಹೆಣ್ಣು, ಗಂಡು ಎಂದು ನಾಲ್ಕಾರು ಮನೆಗಳು ತೆರೆದುಕೊಂಡವು. ಚಪಳಗಾಂವ ಅಂದೆ, ಹೆಣ್ಣು ಅಂದೆ. ಒಂದೇ ಪುಟ, ಆರು ಹೆಸರು. ಅದರಲ್ಲಿ ಸುಗಲವ್ವ ಇರಲಿಲ್ಲ. ಅವಳ ಮುಖ ಬಾಡಿದ್ದು ನನಗೆ ಕಂಡಿತು. ಏನೂ ತೋಚದೆ ಹೆಣ್ಣು ಅನ್ನುವುದರ ಮೇಲಿನ ಗುರುತು ತೆಗೆದೆ. ಹನ್ನೆರಡು ಹೆಸರಾದವು. ಅದರಲ್ಲೊಬ್ಬ ಸುಗಲಪ್ಪ ಬೀರಣ್ಣ ಪೂಜಾರಿ, ವಯಸ್ಸು ನಲವತ್ತಾರು, ಪುರುಷ, ಕುರಿ ಮೂವತ್ತೇಳು, ಟಗರು ಎರಡು.

ಬೀರಣ್ಣ ಅಂದರೆ ಸುಗಲವ್ವನ ಗಂಡ. ಸುಗಲವ್ವ ಪರದೆಯ ಹತ್ತಿರ ಬಂದು ಅದನ್ನು ಎರಡು ಸಲ ಓದಿಸಿಕೊಂಡಳು. “ಕುರಿ ಲೆಕ್ಕ ಬರೋಬರಿ ಐತಿ,” ಅಂದಳು. “ನನ್ನ ಲೆಕ್ಕ ತಪ್ಪೈತಿ.”

ಈ ಸುಗಲಪ್ಪನನ್ನು ನಾನು ಮುಂಜಾನೆಯಿಂದ ಕಡಿಮೆಯೆಂದರೂ ಮೂರು ಸಲ ಓದಿದ್ದೆ. ಹೆಣ್ಣಿನ ಹೆಸರು ಹುಡುಕುವವನಿಗೆ ಗಂಡಸರೇಕೆ ಎಂದು ಅರ್ಧ ಹೆಸರು ನುಂಗಿ ಸರಸರ ದಾಟಿಸಿದ್ದೆ. ಇದನ್ನು ಶಾಂತಾ ಹಾಳೆ ತೋರಿಸಿ ಸಾಬೀತು ಮಾಡಿದಳು. ಸುಗಲವ್ವ ನಂಬರು ಬರೆದುಕೊಂಡು, ನಾಳೆ ನೀವೂ ಅಕ್ಕಲಕೋಟಕ್ಕೆ ಬರಬೇಕು ಎಂದು ಹೇಳಿ ಎಸ್.ಟಿ.ಗೆ ಓಡಿದಳು.

ಮರುದಿನ ಅಂಗಡಿ ಶಾಂತಾಗೆ ಬಿಟ್ಟು ಹೋದೆ. ಕುಂಭಾರಿ ದಾಟುವ ತನಕ ಬಸ್ಸಿನಲ್ಲಿ ನಿಂತೇ ಇದ್ದೆ, ನಿಂತಲ್ಲೇ ಕಾರಕೂನನಿಗೆ ಮಾಡಬೇಕಾದ ಭಾಷಣವನ್ನು ಮರಾಠಿಯಲ್ಲಿ ಜೋಡಿಸಿಕೊಂಡೆ. ಸಂಘದ ಕಚೇರಿಯಲ್ಲಿ ಆ ಭಾಷಣದ ಎರಡನೆಯ ವಾಕ್ಯಕ್ಕೇ ಕಾರಕೂನ ಕೈ ಎತ್ತಿದ. ಯಾದಿಯಲ್ಲಿ ಪುರುಷ ಅಂತ ಇದೆ, ಹೆಣ್ಣುಮಕ್ಕಳ ಜಾಗಕ್ಕೆ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ, ದುರುಸ್ತಿಗೆ ಬೇರೆ ಅರ್ಜಿ ಕೊಡಿ, ಎರಡು ತಿಂಗಳು ಹಿಡಿಯುತ್ತದೆ ಅಂದ. ಎದುರಿಗೇ ಹೆಣ್ಣುಮಗಳು ನಿಂತಿದ್ದಾಳಲ್ಲ ಎಂದು ನಾನು ಹೇಳಿದೆ. ಅವನು ಅವಳನ್ನು ನೋಡಿದ, ಕಂಪ್ಯೂಟರ್ ನೋಡಿದ, ಕಂಪ್ಯೂಟರನ್ನೇ ನಂಬಿದ. ಒಳಗಿನ ಕೋಣೆಯಲ್ಲಿ ಸಂಘದ ಚೇರ್ಮನ್‌ರು ಚಹಾ ಕುಡಿಯುತ್ತಿದ್ದರು. ಹದಿನೈದು ವರ್ಷದಿಂದ ಅದೇ ಕುರ್ಚಿ, ಆ ಕಡೆಯ ಸಾಮಾನ್ಯ ಜಾಗಕ್ಕೆ ಅವರ ಎದುರು ಯಾರೂ ನಿಲ್ಲುತ್ತಿರಲಿಲ್ಲ.

ನನ್ನ ಭಾಷಣ ಮುಗಿದಿತ್ತು. ಸುಗಲವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಹಂಗಾದ್ರ ಬ್ಯಾಡ ಬಿಡ್ರಿ ಸಾಹೇಬ್ರ,” ಅಂದಳು. “ನಿಮ್ಮ ಯಾದಿಯೊಳಗ ನಾ ಗಂಡಸು ಅಂದ ಮ್ಯಾಲ ಗಂಡಸರ ಎದುರಿಗೇ ನಿಲ್ತೀನಿ. ಚೇರ್ಮನ್‌ರ ಜಾಗಾಕ್ಕ ಒಂದು ಅರ್ಜಿ ಕೊಡ್ರಿ.”

ಒಳಗೆ ಚಹಾದ ಬಸಿ ಕೆಳಗಿಟ್ಟ ಸಪ್ಪಳ ಕೇಳಿತು. ಚೇರ್ಮನ್‌ರು ಹೊರಗೆ ಬಂದರು. ನಗುತ್ತಲೇ ಬಂದರು, ಆದರೆ ಬೇಗ ಬಂದರು. ಯಾವ ಊರು ಎಂದು ಕೇಳಿದರು, ಅವಳ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಚಪಳಗಾಂವದ ಎಂಟು ಹತ್ತು ಮಂದಿಯನ್ನು ನೋಡಿದರು. ನಮ್ಮ ತಂಗಿಯನ್ನು ಯಾರಪ್ಪ ಗಂಡಸು ಅಂದವರು ಎಂದು ಕಾರಕೂನನ ಮೇಲೆ ರೇಗಿದರು. ಎರಡು ತಿಂಗಳ ದುರುಸ್ತಿ ಹತ್ತು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಆರು ನಿಮಿಷ ಪ್ರಿಂಟರಿಗೆ ಕಾಗದ ಹುಡುಕಿದ್ದು.

ಚುನಾವಣೆಯಲ್ಲಿ ಸುಗಲವ್ವ ಗೆದ್ದಳು. ಈ ಮಳೆಗಾಲ ಸೂಜಿಯ ಗಾಡಿ ಚಪಳಗಾಂವಕ್ಕೆ ಎರಡು ಸಲ ಬಂತು. ಮೊದಲ ದಿನ ಅವಳೇ ಗಾಡಿಯ ಮುಂದೆ ಕೂತು ದಾರಿ ತೋರಿಸಿದಳಂತೆ. ನನಗೂ ಎದೆಯುಬ್ಬಿತು. ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೆ, ಹೇಳುವಾಗ ನಲವತ್ತೊಂದು ಪುಟವನ್ನು ನಾನೇ ಜಾಲಾಡಿ ಹೆಸರು ಹಿಡಿದೆ ಎಂಬಂತೆ ಒಂದಿಷ್ಟು ಸೇರಿಸುತ್ತಿದ್ದೆ. ಸೇರಿಸಿದ್ದು ತಪ್ಪಾಯಿತು. ಹೋದ ವಾರ ಸುಗಲವ್ವನ ಫೋನು ಬಂತು. ಸಂಘದ ಆ ಜಾಲತಾಣವನ್ನು ಸರಿಪಡಿಸಲು ಮೂರು ಜನರ ಒಂದು ಸಮಿತಿ ಮಾಡಿದ್ದಾರಂತೆ. ಇಬ್ಬರು ಪುಣೆಯಲ್ಲಿ ಅದನ್ನೇ ಕಲಿತವರು. ಮೂರನೆಯ ಹೆಸರು ಅವಳು ನನ್ನದನ್ನು ಕೊಟ್ಟಿದ್ದಾಳೆ, ಅದರ ಒಂದೊಂದು ಪುಟವನ್ನೂ ಬಲ್ಲವರು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದಾಳೆ. ಬರುವ ಸೋಮವಾರ ಮೊದಲ ಬೈಠಕ್. ಶಾಂತಾ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದಾಳೆ. ನಾನು ಕನ್ನಡಿಯ ಮುಂದೆ ನಿಂತು, ಏನೂ ತಿಳಿಯದ ಮಾತಿಗೆ ಎಷ್ಟು ಹೊತ್ತಿಗೊಮ್ಮೆ ತಲೆ ಆಡಿಸಿದರೆ ತಿಳಿದವನಂತೆ ಕಾಣುತ್ತದೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದೇನೆ.