ಮೊದಲು ಚಹಾ, ಆಮೇಲೆ ತಕರಾರು

ಫೋಟೋ ತೆಗೆಸಿಕೊಂಡ ಮನುಷ್ಯ ಒಂದಲ್ಲ ಒಂದು ದಿನ ತಕರಾರು ತರುತ್ತಾನೆ. ಇದು ತಪ್ಪಿದ್ದಲ್ಲ. ಕಾಶಿಯ ಶಿವಾಲ ಅನ್ನುವ ಓಣಿಯಲ್ಲಿ ಒಂದು ಸಣ್ಣ ಸ್ಟುಡಿಯೋ. ಅದರ ಕತ್ತಲೆ ಕೋಣೆಯಲ್ಲಿ ನಾನು ಫೋಟೋ ತೊಳೆಯುತ್ತೇನೆ. ಹತ್ತು ವರ್ಷದ ಮೇಲಾಯಿತು. ತಕರಾರು ಬಾರದ ವಾರವಿಲ್ಲ.

ಹೋದ ತಿಂಗಳು ನನ್ನದೇ ಒಂದು ಬಂತು. ಹೆಂಡತಿ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷದ ಪೂಜೆಗೆ ಫೋಟೋ ಇಡಬೇಕು. ಇರುವುದು ಒಂದೇ ಒಂದು. ಅದರಲ್ಲಿ ಅವಳು ಸರಿಯಾಗಿಲ್ಲ. ತೊಳೆದದ್ದು ನಮ್ಮ ಅಂಗಡಿಯೇ. ಯಾರಿಗೆ ಹೇಳಲಿ? ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಬೇರೆಯವರದು.

ನಾನು ಓದಿದ್ದು ಮೂರನೇ ಇಯತ್ತೆ. ಇಲ್ಲಿರುವ ನಮ್ಮವರ ಮಠದ ಅಡುಗೆಮನೆಗೆ ಅಂತ ಧಾರವಾಡದ ಕಡೆಯಿಂದ ಬಂದವನು. ಹೊಗೆ ಕಣ್ಣಿಗೆ ಆಗಲಿಲ್ಲ. ಸ್ಟುಡಿಯೋ ಮಾಲಿಕ ಕರೆದು ಕೆಲಸ ಕೊಟ್ಟ. ಕಾರಣ ಕನ್ನಡ. ನಮ್ಮ ಕಡೆಯ ಯಾತ್ರಿಕರು ಘಾಟಿನಲ್ಲಿ ಫೋಟೋ ತೆಗೆಸಿ ಮರುದಿನ ರೈಲು ಹತ್ತುತ್ತಾರೆ. ಫೋಟೋ ಆಮೇಲೆ ಅಂಚೆಯಲ್ಲಿ ಹೋಗುತ್ತದೆ. ತಕರಾರೂ ಅಂಚೆಯಲ್ಲೇ ಬರುತ್ತದೆ, ಕನ್ನಡದಲ್ಲಿ. ಓದಿ ಹೇಳುವವನು ಬೇಕಿತ್ತು.

ಮಾಲಿಕ ಬನಾರಸಿನವನು. ಬಾಯಲ್ಲಿ ಸದಾ ಪಾನ್. ಅವನ ಪದ್ಧತಿ ಒಂದೇ. ತಕರಾರು ತಂದವರಿಗೆ ಮೊದಲು ಮಣ್ಣಿನ ಲೋಟದಲ್ಲಿ ಚಹಾ. ಅದು ಮುಗಿಯುವ ತನಕ ಯಾರೂ ಮಾತಾಡಬಾರದು. ಆಮೇಲೆ ಒಂದೇ ಪ್ರಶ್ನೆ: "ಈ ಫೋಟೋ ಯಾರು ನೋಡಬೇಕು?" ಆ ನೋಡುವವರಿಗೆ ಸರಿಕಾಣುವ ತನಕ ತೊಳೆದು ಕೊಡುವುದು. ಮತ್ತೆ ದುಡ್ಡು ಕೇಳುವುದಿಲ್ಲ.

೧. ಕಾಣದ ಗಂಗೆ

ಚಳಿಗಾಲ. ಘಾಟಿನಲ್ಲಿ ಮಂಜು. ದೋಣಿಗಳು ನೀರಿನ ಮೇಲಿವೆಯೋ ಆಕಾಶದಲ್ಲಿವೆಯೋ ತಿಳಿಯದು. ಅಂಥ ಬೆಳಿಗ್ಗೆ ಗದಗಿನ ಕಡೆಯ ಗಂಡ ಹೆಂಡತಿ ಸ್ನಾನ ಮುಗಿಸಿ, ಒಣಬಟ್ಟೆ ಉಟ್ಟು, ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿದರು. ಊರಿಗೆ ಕಳಿಸಿದೆವು. ಕಾರ್ಡು ಬಂತು.

"ಫೋಟೋ ಮುಟ್ಟಿತು. ನಾವಿಬ್ಬರೂ ಇದ್ದೇವೆ. ಗಂಗವ್ವ ಇಲ್ಲ. ಹಿಂದೆ ಬರೇ ಬೆಳ್ಳಗಿದೆ. ಸುಣ್ಣದ ಗೋಡೆ ಮುಂದೆ ನಿಂತು ತೆಗೆಸಿದ್ದು, ಇವರು ಕಾಶಿಗೆ ಹೋಗೇ ಇಲ್ಲ ಅಂತ ನಮ್ಮ ಭಾವ ಊರ ತುಂಬ ಹೇಳುತ್ತಿದ್ದಾನೆ."

ಕಾರ್ಡಿಗೆ ಚಹಾ ಕುಡಿಸಲು ಬರುವುದಿಲ್ಲ. ಅದರ ಪರವಾಗಿ ಮಾಲಿಕನೇ ಕುಡಿದ. ಆಮೇಲೆ ಅಂದ: "ನೋಡಬೇಕಾದವನು ಭಾವ. ಅಂದ್ರೆ ಗಂಗಾಜಿ ಧಾರಾಳವಾಗಿ ಕಾಣಬೇಕು."

ಬಿಸಿಲಿನ ದಿನದ ಗಂಗೆಯ ನೆಗೆಟಿವ್ ಒಂದಿತ್ತು. ಎರಡನ್ನೂ ಒಂದೇ ಕಾಗದಕ್ಕೆ ಇಳಿಸಿದೆ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಗಂಗೆ ಮೆಲ್ಲಗೆ ಮೂಡಿ ಬಂದಳು. ನೋಡುತ್ತ ನಿಂತುಬಿಟ್ಟೆ. ಅವಳನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಅಳತೆ ತಪ್ಪಿದ್ದು ಗೊತ್ತಾದದ್ದು ಮರುಕಾರ್ಡು ಬಂದ ಮೇಲೆ.

"ಗಂಗವ್ವ ಬಂದಳು. ಸ್ವಲ್ಪ ಜಾಸ್ತಿಯೇ ಬಂದಿದ್ದಾಳೆ. ನಮ್ಮ ಸೊಂಟದ ತನಕ ಇದ್ದಾಳೆ, ಆದರೂ ನಮ್ಮ ಬಟ್ಟೆ ಒದ್ದೆಯಾಗಿಲ್ಲ. ಭಾವ ಕೈಮುಗಿದ. ಇದನ್ನು ತಿದ್ದಬೇಡಿರಿ."

೨. ಮುಚ್ಚಿದ ಕಣ್ಣು

ನಮ್ಮ ಓಣಿಯಲ್ಲಿ ಒಬ್ಬ ಪುರೋಹಿತರು. ಕರ್ನಾಟಕದ ಯಾತ್ರಿಕರಿಗೆ ಪೂಜೆ ಮಾಡಿಸುವವರು. ಕಂಟೋನ್ಮೆಂಟ್ ಸ್ಟೇಷನ್ನಿನ ಹತ್ತಿರ ಬೋರ್ಡು ಹಾಕಲು ತಮ್ಮದೊಂದು ಫೋಟೋ ತೆಗೆಸಿದರು. ಕಣ್ಣು ಮುಚ್ಚಿತ್ತು.

ಚಹಾ ಕುಡಿದರು. "ಯಾರು ನೋಡಬೇಕು?" ಅಂದ ಮಾಲಿಕ.

"ರೈಲಿಳಿದವರು ನೋಡ್ಬೇಕು. ನಿದ್ದೆ ಮಾಡೋ ಭಟ್ಟನ ಹತ್ರ ಯಾರು ಬರ್ತಾರಯ್ಯಾ?"

ಮಾಲಿಕ ಸಣ್ಣ ಕುಂಚ ತಗೊಂಡು ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದ. ಪುರೋಹಿತರು ನೋಡಿ ಹಿಂದಕ್ಕೆ ಸರಿದರು. "ಇದು ನಾನು ದೆವ್ವ ನೋಡಿದ ಹಾಗಿದೆ. ಇಲ್ಲ, ದೆವ್ವವೇ ನನ್ನನ್ನು ನೋಡಿದ ಹಾಗಿದೆ."

ಮತ್ತೆ ಕೂರಿಸಿ ತೆಗೆದೆವು. ಮುಚ್ಚಿದರು. ಮತ್ತೆ ತೆಗೆದೆವು. ಮುಚ್ಚಿದರು. ಪಟ್ ಅಂದ ಕೂಡಲೆ ರೆಪ್ಪೆ ಕೆಳಗೆ. ನಾಲ್ಕನೇ ಸಲಕ್ಕೆ ಮಾಲಿಕ ಕ್ಯಾಮೆರಾ ಬಿಟ್ಟು ಮೊದಲಿನ ಫೋಟೋ ಎತ್ತಿಕೊಂಡ. ಅದರ ಕೆಳಗೆ ಕನ್ನಡದಲ್ಲಿ ಒಂದು ಪದ ಬರೆ ಅಂದ. ಬರೆದೆ: "ಧ್ಯಾನದಲ್ಲಿ."

ಬೋರ್ಡು ಹಾಕಿದ ಮೇಲೆ ಜನ ಹುಡುಕಿಕೊಂಡು ಬರತೊಡಗಿದರು. ಈಗ ಪುರೋಹಿತರ ತಕರಾರು ಬೇರೆ: "ಕಣ್ಣು ಬಿಟ್ಟು ಬೀದಿಯಲ್ಲಿ ಹೋದ್ರೆ ಯಾರೂ ನನ್ನ ಗುರುತು ಹಿಡಿಯಲ್ಲ."

೩. ಬಲ ಹೆಗಲು

ಈ ತಪ್ಪು ನನ್ನದು. ನೆಗೆಟಿವನ್ನು ತಿರುವಿ ಇಟ್ಟರೆ ಫೋಟೋದಲ್ಲಿ ಎಡ ಬಲವಾಗುತ್ತದೆ. ಒಬ್ಬ ಯಜಮಾನರಿಗೆ ಅರವತ್ತು ತುಂಬಿದ ಶಾಂತಿಯ ಫೋಟೋ. ಗಂಡ ಹೆಂಡತಿ ಮಣೆಯ ಮೇಲೆ. ನಾನು ತಿರುವಿ ಇಟ್ಟು ತೊಳೆದೆ. ಜನಿವಾರ ಬಲ ಹೆಗಲಿಗೆ ಬಂತು. ನನ್ನ ಕೊರಳಲ್ಲಿ ಲಿಂಗ. ಜನಿವಾರದ ಸುದ್ದಿ ನನಗೇನು ಗೊತ್ತು?

ಆ ಅಮ್ಮ ಬಂದರು. ಚಹಾ ಮುಟ್ಟಲಿಲ್ಲ. "ಬಲ ಹೆಗಲಿಗೆ ಹಾಕೋದು ಸತ್ತವರಿಗೆ ತಿಥಿ ಮಾಡುವಾಗ! ಪಕ್ಕದಲ್ಲಿ ನಾನು ರೇಷ್ಮೆ ಸೀರೆ ಉಟ್ಟು ಕೂತಿದ್ದೀನಿ. ಇವರು ಯಾರ ತಿಥಿ ಮಾಡ್ತಿದ್ದಾರೆ, ನೀನೇ ಹೇಳಪ್ಪಾ!"

ಮಾಲಿಕ ಎದ್ದು ನಿಂತು ಕಿವಿ ಹಿಡಿದುಕೊಂಡ. "ಮಾತಾಜಿ, ಯಾರು ನೋಡಬೇಕು?"

"ಮಗಳು. ಹುಬ್ಬಳ್ಳಿಯಲ್ಲಿದ್ದಾಳೆ. ಇದನ್ನು ನೋಡಿದ್ರೆ ಎದೆ ಒಡ್ಕೊಂಡು ಸಿಕ್ಕಿದ ರೈಲು ಹತ್ತಿ ಬರ್ತಾಳೆ."

ಅವತ್ತೇ ಸರಿಯಾಗಿ ತೊಳೆದು ಕೊಟ್ಟೆ. ಸಂಜೆ ಯಜಮಾನರು ಒಬ್ಬರೇ ಬಂದರು. "ಆ ಹಳೇ ಫೋಟೋ ಎಲ್ಲಿ?"

"ಹರಿದು ಹಾಕಿದೆವು, ಸ್ವಾಮಿ."

"ಛೇ, ಹರಿಯಬಾರದಿತ್ತು" ಅಂದರು. "ಅದನ್ನೇ ಕಳಿಸಿದ್ರೆ ಮಗಳು ಬರ್ತಿದ್ದಳು. ನೋಡಿ ಮೂರು ವರ್ಷ ಆಯ್ತು."

೪. "ಇದು ನಾನಲ್ಲ"

ಇನ್ನು ಇವಳದು, ನನ್ನ ಹೆಂಡತಿಯದು. ಒಂದು ಮಧ್ಯಾಹ್ನ ನನಗೆ ಬುತ್ತಿ ತಂದಿದ್ದಳು. ಮಾಲಿಕ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದ. ನಾನೇ ತೊಳೆದೆ. ಮೊದಲು ಕಣ್ಣು ಬಂತು. ಆಮೇಲೆ ಮೂಗುಬೊಟ್ಟು, ಎಡಕ್ಕೆ. ಆಮೇಲೆ ಬಾಯಿ. ನಗುವ ಮುಂಚೆ ಅವಳ ಬಾಯಿ ಒಂದು ಕಡೆಗೆ ಓರೆಯಾಗುತ್ತದೆ. ಹಾಗೇ ಬಂದಿತ್ತು. ಅಷ್ಟು ಚೆಂದ ನಾನು ಯಾವುದನ್ನೂ ತೊಳೆದಿಲ್ಲ.

ನೋಡಿದಳು. "ಇದು ನಾನಲ್ಲ."

"ಮತ್ತ್ಯಾರು?"

"ನನ್ನ ಹಾಂಗ ಸೀರೀ ಉಟ್ಟ ಯಾರೋ. ಬಾಯಿ ಓರೆ ಐತಿ."

ತಿಳಿಯಾಗಿ ತೊಳೆದೆ. ಅಲ್ಲ ಅಂದಳು. ಗಾಢವಾಗಿ ತೊಳೆದೆ. ಅಲ್ಲ ಅಂದಳು. ಮೂರನ್ನೂ ಹರಿದಳು. ಮಾಲಿಕ ಚಹಾ ತರಿಸಿದ. ಅವಳು ಕುಡಿದು ಮುಗಿಸುವ ತನಕ ನಾನು ಬಾಗಿಲಲ್ಲಿ ನಿಂತಿದ್ದೆ.

"ಬೇಟಿ, ಇದನ್ನು ಯಾರು ನೋಡಬೇಕು?"

"ನಾನೇ. ಇವರು ದಿನಾ ನೋಡ್ತಾರ. ನನಗ ನಾನು ಕಾಣೂದು ಕನ್ನಡಿಯೊಳಗ ಅಷ್ಟೇ."

ಮಾಲಿಕ ಒಳಗೆ ಹೋದ. ನೆಗೆಟಿವನ್ನು ತಿರುವಿ ಇಟ್ಟ. ಬೇಕಂತಲೇ, ಕನ್ನಡಿಯಲ್ಲಿ ಕಾಣುವ ಹಾಗೆ. ಮೂಗುಬೊಟ್ಟು ಬಲಕ್ಕೆ ಬಂತು. ಸೆರಗು ಬಲ ಹೆಗಲಿಗೆ. ಬಾಯಿ ಆ ಕಡೆಗೆ ಓರೆ.

"ಹಾಂ, ಇದು ನಾನು!" ಅಂದಳು.

ನಾನು ಎಲ್ಲ ತಿರುಗುಮುರುಗು ಐತಿ ಅಂದೆ. "ಕತ್ತಲಾಗ ಕೂತು ನಿಮ್ಮ ಕಣ್ಣು ಕೆಟ್ಟಾವ" ಅಂದಳು. ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಟ್ಟುಕೊಂಡಳು. ಒಂದು ಮಳೆಗಾಲ ಗಂಗೆ ಏರಿ ಅಂಗಡಿಯೊಳಗೆ ಬಂದಳು. ನೆಗೆಟಿವ್ ಹೋಯಿತು. ಆಮೇಲೆ ಇವಳೂ ಹೋದಳು. ಉಳಿದದ್ದು ಆ ಒಂದು ಫೋಟೋ. ನನಗೆ ಗುರುತಿಲ್ಲದ ಹೆಂಗಸು.

ಹೋದ ತಿಂಗಳು ಅದನ್ನು ಮಾಲಿಕನ ಮುಂದಿಟ್ಟೆ. "ಇದರದೇ ಒಂದು ಫೋಟೋ ತೆಗೆದು, ತಿರುವಿ, ಸರಿ ಮಾಡಿಕೊಡು" ಅಂದೆ.

ಮೊದಲು ಚಹಾ ಬಂತು. ಕುಡಿದೆ. ಹತ್ತು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು.

"ಯಾರು ನೋಡಬೇಕು?"

"ನಾನು."

ಮಾಲಿಕ ಪಾನ್ ಉಗುಳಿ ಬಂದ. "ಗ್ರಾಹಕಿ ಅವಳು. ನೋಡಿ, ಒಪ್ಪಿ ತಗೊಂಡು ಹೋಗಿದ್ದಾಳೆ. ಅವಳನ್ನು ಕೇಳದೆ ಹೇಗೆ ತಿರುವಲಿ ಭಯ್ಯಾ?"

ನಮ್ಮ ಅಂಗಡಿ ಇಲ್ಲ ಅಂದದ್ದು ನನ್ನೊಬ್ಬನಿಗೇ. ಎದ್ದೆ. ಮಾಲಿಕ ತಡೆದ. ಗೋಡೆಯ ಮೇಲೆ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ ಇತ್ತು. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. "ಫೋಟೋದ ಎದುರಿಗೆ ಹಾಕು. ಅವಳದು ಅವಳಿಗೆ, ನಿನ್ನದು ನಿನಗೆ."

ಮನೆಯ ಗೋಡೆಗೆ ಹಾಕಿದೆ. ಕನ್ನಡಿಯಲ್ಲಿ ನೋಡಿದೆ. ಮೂಗುಬೊಟ್ಟು ಎಡಕ್ಕೆ. ಬಾಯಿ ಈ ಕಡೆಗೆ. ನನ್ನ ಹೆಗಲ ಹಿಂದೆ ನಿಂತಿದ್ದಳು, ಬುತ್ತಿ ತಂದವಳ ಹಾಗೆ.

ಪೂಜೆಯ ದಿನ ಮಠದಿಂದ ಐದು ಜನ ಸ್ವಾಮಿಗಳು ಬಂದರು. ನಾನು ಫೋಟೋಗೆ ಬೆನ್ನು ಮಾಡಿ ಕನ್ನಡಿಗೆ ಕೈಮುಗಿದೆ. ಅವರಲ್ಲಿ ಹಿರಿಯರು ಗಾಬರಿಯಾದರು. "ಏನೋ ಇದು? ನಿನ್ನ ಮಾರಿಗೆ ನೀನೇ ಕೈಮುಗೀತಿಯಲ್ಲೋ!"

"ಬುದ್ಧೀ, ಅವಳು ಸರಿಯಾಗಿ ಕಾಣೂದು ಇದರಾಗ" ಅಂದೆ.

ಹಿರಿಯರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಹೌದಲ್ಲೋ" ಅಂದರು. ಆಮೇಲೆ ಮೆಲ್ಲಗೆ, "ನನ್ನ ವಿಭೂತಿ ಸೊಟ್ಟ ಐತಿ. ಮಠದಾಗ ಒಬ್ಬರೂ ಹೇಳಲಿಲ್ಲ." ತಿದ್ದಿಕೊಂಡರು. ಎರಡನೆಯವರು ಬಂದು ಅವಳನ್ನು ನೋಡಿ ಪೇಟ ಸರಿಮಾಡಿಕೊಂಡರು. ಮೂರನೆಯವರು ಹಲ್ಲಿನ ಸಂದಿಯ ಸೊಪ್ಪು ತೆಗೆದರು. ಐದೂ ಜನ ಸಾಲಾಗಿ ಬಂದು, ಅವಳನ್ನು ನೋಡಿ, ತಮ್ಮನ್ನು ತಿದ್ದಿಕೊಂಡು ಹೋದರು. ಒಬ್ಬರದೂ ತಕರಾರಿಲ್ಲ.

ಅವಳು ಅವರ ಹಿಂದೆ, ಬಾಯಿ ಓರೆ ಮಾಡಿಕೊಂಡು, ಇನ್ನೇನು ನಗುತ್ತಾಳೆ ಅನ್ನುವ ಹಾಗೆ ನಿಂತಿದ್ದಳು.