ಹುಳ ಏಳುವ ತನಕ ಲ್ಯಾಪ್‌ಟಾಪ್

ನಾನು ಬಿಚ್ಚಿದ ಯಾವ ವಸ್ತುವೂ ಏನಾದರೊಂದು ಉಳಿಸದೆ ಮತ್ತೆ ಮುಚ್ಚಿಕೊಂಡದ್ದಿಲ್ಲ. ಮಿಕ್ಸಿ ಬಿಚ್ಚಿದಾಗ ಒಂದು ವಾಷರ್ ಉಳಿಯಿತು. ಗೋಡೆ ಗಡಿಯಾರ ಬಿಚ್ಚಿದಾಗ ಮುಳ್ಳೇ ಉಳಿಯಿತು. ಆದರೂ ಮನೆಯ ಲ್ಯಾಪ್‌ಟಾಪ್ ತೀರಾ ನಿಧಾನವಾಗಿ, ಅಂಗಡಿಗೆ ಕೊಡೋಣ ಅಂತ ಮಗಳು ಹೇಳಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಒಂದು ರ‍್ಯಾಮ್ ಹಾಕೋಕೆ ಅಂಗಡಿ ಯಾಕಮ್ಮ? ನಾನು ಹೈಸ್ಕೂಲ್ ಸೈನ್ಸ್ ಮೇಷ್ಟ್ರು!"

ಅವಳ ಡಿಗ್ರಿ ಪ್ರಾಜೆಕ್ಟ್ ಪೂರ್ತಿ ಅದರೊಳಗಿತ್ತು. ಶನಿವಾರ ಚಿಕ್ಕಬಳ್ಳಾಪುರದ ಕಾಲೇಜಿಗೆ ಒಪ್ಪಿಸಬೇಕಿತ್ತು. ಅಂದು ಗುರುವಾರ.

೧. ಸ್ಕ್ರೂಡ್ರೈವರ್

ಶಿಡ್ಲಘಟ್ಟ ಪೇಟೆಯಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳ ಬಿಡಿಭಾಗ ಮಾರುವ ಸಾಹೇಬರೊಬ್ಬರಿದ್ದಾರೆ. ಕಂಪ್ಯೂಟರ್ ಅಂಗಡಿಯಲ್ಲಿ ರ‍್ಯಾಮ್ ಕೊಂಡು ಅವರಲ್ಲಿಗೆ ಹೋಗಿ, ತೀರಾ ಸಣ್ಣ ಸ್ಕ್ರೂಡ್ರೈವರ್ ಬೇಕೆಂದೆ.

"ಏನ್ ಬಿಚ್ತೀರಾ ಮೇಷ್ಟ್ರೇ?"

"ಲ್ಯಾಪ್‌ಟಾಪ್."

ಡಬ್ಬಿಯೊಳಗೆ ಹುಡುಕುತ್ತಿದ್ದ ಅವರ ಕೈ ನಿಂತಿತು. "ನಿಮ್ದೇನಾ, ಬೇರೆಯವರ್ದಾ?"

"ನಮ್ದೇ."

"ಹಂಗಾದ್ರೆ ತಗೊಳ್ಳಿ. ಬೇರೆಯವರ್ದಾಗಿದ್ರೆ ಪಾಪ ನಂಗೂ ಬರ್ತಿತ್ತು."

೨. ವಿಡಿಯೋ

ಸಂಜೆ ಮನೆಯ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪ್ ಬಿಚ್ಚಿದೆ. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಬಾಮೈದ ಫೋನಿನಲ್ಲಿ ದಾರಿ ತೋರಿಸುತ್ತಿದ್ದ.

"ಭಾವ, ಪೇಪರ್ ಮೇಲೆ ಚಿತ್ರ ಬರೀರಿ. ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟ್ಸಿ. ನಮ್ ಫ್ಯಾಕ್ಟ್ರೀಲಿ ಹಂಗೇ ಮಾಡೋದು."

ಹಾಗೇ ಮಾಡಿದೆ. ಹಳೇ ದಿನಪತ್ರಿಕೆಯ ಮೇಲೆ ಹನ್ನೊಂದು ಸ್ಕ್ರೂ. ಬ್ಯಾಟರಿಯೂ ಹೊರಬಂತು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

"ಇನ್ನು ಮಿಕ್ಕಿದ್ದು ವಿಡಿಯೋ ನೋಡ್ಕೊಂಡು ಮಾಡಿ ಭಾವ."

"ಆಗ್ಲೇ ಡೌನ್‌ಲೋಡ್ ಮಾಡಿಟ್ಟಿದೀನಿ ಕಣೋ."

"ಎಲ್ಲಿ?"

ನಾನು ಎದುರಿಗಿದ್ದ ಲ್ಯಾಪ್‌ಟಾಪ್ ನೋಡಿದೆ. ಅದರ ಕರುಳೆಲ್ಲ ಹೊರಗಿತ್ತು. ಪುಣ್ಯಕ್ಕೆ ಆಗಲೇ ಕರೆಂಟ್ ಹೋಯಿತು; ಅದನ್ನೇ ನೆಪ ಹೇಳಿ ಫೋನಿಟ್ಟೆ.

೩. ಜ್ವರ

ಮಾರನೇ ದಿನ ಸ್ಕೂಲಿಂದ ಬಂದು ಬಾಮೈದನ ಸಹಾಯದಿಂದ ರ‍್ಯಾಮ್ ಕೂರಿಸಿದೆ. ಇನ್ನು ಬ್ಯಾಟರಿ ಬಿಗಿಯಬೇಕು, ಸ್ಕ್ರೂ ಇಲ್ಲದೆ ಅದು ಸರಿಯಾಗಿ ಕೂರುವುದಿಲ್ಲ, ಆನ್ ಆಗುವುದೂ ಇಲ್ಲ. ನೋಡಿದರೆ ಸ್ಕ್ರೂ ಅಂಟಿಸಿದ ಪೇಪರೇ ಇಲ್ಲ.

"ರೀ, ಆ ಹಳೇ ಪೇಪರಾ? ಅವಸರದಲ್ಲಿ ಟೇಪ್ ನೋಡ್ಲಿಲ್ಲ, ಬೆಳಿಗ್ಗೆ ಹುಳದ ತಟ್ಟೆಗೆ ಹಾಸ್ದೆ" ಎಂದಳು ನನ್ನಾಕೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುವವಳು ಅವಳು. ಬಿದಿರಿನ ತಟ್ಟೆಗೆ ಪೇಪರ್ ಹಾಸಿ ಅದರ ಮೇಲೆ ಹುಳ ಬಿಡುತ್ತಾಳೆ. ನಾನು ಹುಳದ ಮನೆಗೆ ಓಡಿದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮುಟ್ಟಂಗಿಲ್ಲ. ಮಧ್ಯಾಹ್ನ ಜ್ವರಕ್ಕೆ ಹೋಗಿವೆ."

ಜ್ವರವೆಂದರೆ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಂತು ಪೊರೆ ಕಳಚುವ ಹೊತ್ತು. ಆಗ ತಟ್ಟೆ ಕದಲಿಸಿದರೆ ಬೆಳೆಯೇ ಕೆಡುತ್ತದೆ. ಇದು ನನಗೂ ಗೊತ್ತು. ಮಕ್ಕಳಿಗೆ ಪಾಠ ಮಾಡಿದವನು ನಾನೇ.

"ಯಾವಾಗ ಏಳ್ತವೆ?"

"ನಾಳೆ ಸಂಜೆಗೆ."

ಮಗಳ ಕಣ್ಣಲ್ಲಿ ನೀರು ತುಂಬಿತು. ಮೂರು ತಿಂಗಳ ಅವಳ ಶ್ರಮವನ್ನು ನನ್ನ ಜಂಬ ತಿಂದುಹಾಕಿತ್ತು. ಹುಳಗಳಂತೆ ನಾನೂ ಅಂದು ಊಟ ಬಿಟ್ಟೆ.

೪. ಮೇಡಂ

ಶನಿವಾರ ಬೆಳಿಗ್ಗೆ ಮಗಳು ಅಳುಕುತ್ತಲೇ ಪ್ರಾಜೆಕ್ಟ್ ನೋಡುವ ಕಾಲೇಜಿನ ಮೇಡಂಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಮೇಡಂ ಬಹಳ ಕಟ್ಟುನಿಟ್ಟು. ಅಜ್ಜಿ ಸತ್ತರೆಂದು ಹೇಳಿದವನಿಗೂ ಒಂದು ದಿನ ಹೆಚ್ಚಿಗೆ ಕೊಟ್ಟವರಲ್ಲವಂತೆ.

"ಮೇಡಂ, ಪ್ರಾಜೆಕ್ಟ್ ಲ್ಯಾಪ್‌ಟಾಪಲ್ಲಿದೆ. ಅದರ ಸ್ಕ್ರೂ ರೇಷ್ಮೆ ಹುಳದ ಕೆಳಗಿವೆ. ಹುಳ ಜ್ವರದಲ್ಲಿವೆ ಮೇಡಂ."

ನಾನು ಫೋನಿನ ಹತ್ತಿರ ಬಗ್ಗಿದೆ.

"ಎಷ್ಟನೇ ಜ್ವರ?"

"ಮೂರನೇದು ಮೇಡಂ."

"ಅಯ್ಯೋ, ಎಬ್ಬಿಸ್ಬೇಡಿ! ನಮ್ಮದೂ ಚಿಂತಾಮಣಿ ಕಡೆ ಹುಳದ ಮನೇನೆ. ಸೋಮವಾರ ತಗೊಂಡ್ಬಾ."

ಸಂಜೆ ಹುಳ ಎದ್ದವು. ನನ್ನಾಕೆ ಅವನ್ನು ಬೇರೆ ತಟ್ಟೆಗೆ ಬಿಟ್ಟು, ಹಿಕ್ಕೆ ಕೊಡವಿ ಪೇಪರ್ ನನ್ನ ಕೈಗಿಟ್ಟಳು. ಸ್ಕ್ರೂ ಬಿಗಿದೆ, ಲ್ಯಾಪ್‌ಟಾಪ್ ಆನ್ ಆಯಿತು. ಪ್ರಾಜೆಕ್ಟ್ ಇದ್ದ ಜಾಗದಲ್ಲೇ ಇತ್ತು.

ಸೋಮವಾರ ಮಗಳು ಪ್ರಾಜೆಕ್ಟ್ ಮುಂದಿಟ್ಟರೆ ಮೇಡಂ ಅದನ್ನು ನೋಡಲೇ ಇಲ್ಲವಂತೆ.

"ಹುಳ ಎಲ್ಲಾ ಒಟ್ಟಿಗೆ ಎದ್ವಾ?"

"ಎದ್ವು ಮೇಡಂ."

"ಲ್ಯಾಪ್‌ಟಾಪು?"

"ಅದೂ ಎದ್ದಿದೆ ಮೇಡಂ. ಅಪ್ಪ ಬಿಚ್ಚಿದ್ದಲ್ವಾ, ಎರಡು ಸ್ಕ್ರೂ ಉಳಿದಿವೆ."